ಗೆದ್ದರೂ ಬೀಗುವ ಹಾಗಿರಲಿಲ್ಲ: ಜೋ ಲೂಯಿಸ್ ಕಥೆ

ಬಾಕ್ಸಿಂಗ್‌ಗೆ ಮುಖ ಯಾರು ಅಂತ ಕೇಳಿದರೆ ಹೆಚ್ಚಿನವರು ಮುಹಮ್ಮದ್ ಅಲಿ ಅಂತಾರೆ. ತಪ್ಪೇನಿಲ್ಲ. ಆದರೆ ನಾನು ಅಮೆರಿಕದ ಕಪ್ಪು ಬಾಕ್ಸರ್ ಜೋ ಲೂಯಿಸ್ ಹೆಸರು ಹೇಳುತ್ತೇನೆ. ಅದಕ್ಕೆ ಕಾರಣ 1908ರಿಂದಲೇ ಶುರುವಾಗುತ್ತದೆ.

ಆ ವರ್ಷ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ ಜಾಕ್ ಜಾನ್ಸನ್ ಮೊದಲ ಕಪ್ಪು ಹೆವಿವೇಟ್ ವಿಶ್ವ ಚಾಂಪಿಯನ್ ಆದ. ರಿಂಗ್‌ನಲ್ಲಿ ನಗುತ್ತಾ ಎದುರಾಳಿಯನ್ನು ರೇಗಿಸುತ್ತಿದ್ದ, ಹೊರಗೆ ತನಗೆ ಬೇಕಾದಂತೆ ಬದುಕುತ್ತಿದ್ದ, ಬಿಳಿಯ ಹೆಣ್ಣನ್ನು ಮದುವೆಯಾದ. ಬಿಳಿಯರಿಗೆ ಇದನ್ನು ಸಹಿಸೋಕೆ ಆಗಲಿಲ್ಲ. 1910ರಲ್ಲಿ ಅವನು ಬಿಳಿಯ ಮಾಜಿ ಚಾಂಪಿಯನ್ ಜಿಮ್ ಜೆಫ್ರಿಸ್‌ನನ್ನು ಸೋಲಿಸಿದಾಗ ಅಮೆರಿಕದ ಊರೂರಲ್ಲಿ ಗಲಭೆ ಎದ್ದು ಕಪ್ಪು ಜನ ಪ್ರಾಣ ಕಳೆದುಕೊಂಡರು. 1913ರಲ್ಲಿ ಅವನ ಖಾಸಗಿ ಬದುಕನ್ನೇ ಹಿಡಿದು ಶಿಕ್ಷೆ ಹಾಕಿದರು. ಕ್ಷಮಾದಾನ ಸಿಕ್ಕಿದ್ದು 2018ರಲ್ಲಿ! 1915ರಲ್ಲಿ ಅವನು ಪಟ್ಟ ಕಳೆದುಕೊಂಡ ಮೇಲೆ 22 ವರ್ಷ ಇನ್ನೊಬ್ಬ ಕಪ್ಪು ಬಾಕ್ಸರ್‌ಗೆ ಆ ಪಟ್ಟಕ್ಕಾಗಿ ಆಡುವ ಅವಕಾಶವನ್ನೇ ಕೊಡಲಿಲ್ಲ.

ಹಾಗಾಗಿ ಲೂಯಿಸ್ ಬಂದಾಗ ಅವನ ಮ್ಯಾನೇಜರ್‌ಗಳು ಮೊದಲು ನಿಯಮ ಹಾಕಿದರು. ಬಿಳಿ ಹೆಂಗಸರ ಜೊತೆ ಫೋಟೋ ಬೇಡ. ನೈಟ್ ಕ್ಲಬ್‌ಗೆ ಒಬ್ಬನೇ ಹೋಗಬೇಡ. ಬಿದ್ದವನ ಮುಂದೆ ಬೀಗಬೇಡ. ಇಪ್ಪತ್ತರ ಹರೆಯದ ಹುಡುಗ, ಎದುರಾಳಿಯನ್ನು ನೆಲಕ್ಕೆ ಕೆಡವಿ, ಮುಖದ ಮೇಲೆ ಒಂದು ನಗುವೂ ಇಲ್ಲದೆ ಸುಮ್ನೆ ತನ್ನ ಮೂಲೆಗೆ ನಡೆದು ಹೋಗಬೇಕಿತ್ತು.

1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಅವನನ್ನು 12ನೇ ಸುತ್ತಿನಲ್ಲಿ ನಾಕೌಟ್ ಮಾಡಿದ. ಮಾರನೇ ವರ್ಷವೇ ಲೂಯಿಸ್ ಚಾಂಪಿಯನ್ ಆದ, ಆದರೂ ಆ ಸೋಲು ಒಳಗೆ ಕೊರೆಯುತ್ತಲೇ ಇತ್ತು. 1938ರ ಜೂನ್ 22ರಂದು ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನಲ್ಲಿ ಮತ್ತೆ ಮುಖಾಮುಖಿ. ಕೋಟಿಗಟ್ಟಲೆ ಜನ ರೇಡಿಯೋ ಮುಂದೆ. ಪಕ್ಕೆಗೆ ಬಿದ್ದ ಒಂದು ಹೊಡೆತಕ್ಕೆ ಶ್ಮೆಲಿಂಗ್ ಕಿರುಚಿಕೊಂಡ, ಅವನ ಬೆನ್ನೆಲುಬಿಗೆ ಪೆಟ್ಟಾಯಿತು. 2 ನಿಮಿಷ 4 ಸೆಕೆಂಡ್, ಮುಗಿದೇ ಹೋಯಿತು. ನ್ಯೂಯಾರ್ಕ್‌ನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಬೀದಿಗಳಲ್ಲಿ ಜನ ಹಬ್ಬ ಮಾಡಿದರು, ಹಿಟ್ಲರ್‌ನ ಕಡೆಯವನನ್ನು ಬಡಿದ ಅಂತ ಬಿಳಿಯರೂ ಕುಣಿದರು. ಶ್ಮೆಲಿಂಗ್ ಬಗ್ಗೆ ಇದು ಅನ್ಯಾಯವೇ. ಅವನು ನಾಜಿ ಪಕ್ಷ ಸೇರಿರಲಿಲ್ಲ, ತನ್ನ ಯಹೂದಿ ಮ್ಯಾನೇಜರ್‌ನನ್ನು ಕೈಬಿಡಲೂ ಇಲ್ಲ.

ಲೂಯಿಸ್ ಪಟ್ಟವನ್ನು 25 ಸಲ ಉಳಿಸಿಕೊಂಡ. 1942ರ ಜನವರಿಯಲ್ಲಿ ಒಂದು ಪಂದ್ಯದ ಸಂಭಾವನೆಯನ್ನು ನೌಕಾಪಡೆಯ ಪರಿಹಾರ ನಿಧಿಗೆ ಕೊಟ್ಟುಬಿಟ್ಟ. ಆಗ ಅದೇ ನೌಕಾಪಡೆ ಕಪ್ಪು ಜನರನ್ನು ಅಡುಗೆಮನೆ, ಊಟದ ಮನೆ ಕೆಲಸಕ್ಕಷ್ಟೇ ಸೇರಿಸಿಕೊಳ್ಳುತ್ತಿತ್ತು. ಮುಂದೆ ತೆರಿಗೆ ಬಾಕಿ ಕುತ್ತಿಗೆಗೆ ಬಂದಾಗ ಸರ್ಕಾರ ಕರುಣೆ ತೋರಿಸಲಿಲ್ಲ. ನಿವೃತ್ತನಾಗಿದ್ದವನು ಸಾಲಕ್ಕಾಗಿ ಮತ್ತೆ ರಿಂಗ್‌ಗೆ ಇಳಿದ. 1951ರಲ್ಲಿ ರಾಕಿ ಮಾರ್ಸಿಯಾನೊ ಅವನನ್ನು ಹಗ್ಗದ ಆಚೆಗೆ ಕೆಡವಿದ. ಹೇಳಿದ್ದನ್ನೆಲ್ಲ ಕೇಳಿದವನಿಗೆ ಸಿಕ್ಕಿದ್ದು ಇದು.

ಅಲಿ ಆ ನಿಯಮಗಳನ್ನೆಲ್ಲ ಗಾಳಿಗೆ ತೂರಿದ. 1967ರಲ್ಲಿ ಸೈನ್ಯಕ್ಕೆ ಸೇರಲ್ಲ ಅಂದ, ಪಟ್ಟ ಹೋಯಿತು, ಮೂರೂವರೆ ವರ್ಷ ಆಟವೂ ಹೋಯಿತು. 1971ರಲ್ಲಿ ಸುಪ್ರೀಂ ಕೋರ್ಟ್ ಅವನ ಶಿಕ್ಷೆಯನ್ನು ರದ್ದು ಮಾಡಿತು. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಆಗಿನ ಚಾಂಪಿಯನ್ ಜಾರ್ಜ್ ಫೋರ್‌ಮನ್ ಎದುರು ಇಡೀ ಸ್ಟೇಡಿಯಂ ಅವನ ಹೆಸರು ಕೂಗುತ್ತಿತ್ತು. ಜಾನ್ಸನ್‌ನನ್ನು ಯಾವ ಎದೆಗಾರಿಕೆಗೆ ದ್ವೇಷಿಸಿದರೋ, ಅಲಿಯನ್ನು ಅದಕ್ಕೇ ಜನ ಇಷ್ಟಪಟ್ಟರು.