ಒಂದು ತಂತಿ ಬೆಸೆದರೆ ಲ್ಯಾಪ್‌ಟಾಪ್ ವೇಗ ಹೆಚ್ಚುತ್ತದೆಯೇ?

ಪ್ರಶ್ನೆ: ಅಣ್ಣನ ಹಳೆಯ ಲ್ಯಾಪ್‌ಟಾಪ್ ಈಗ ನನ್ನ ಪಾಲಿಗೆ ಬಂದಿದೆ. ಪ್ರೊಸೆಸರ್ ಕೋರ್ 2 ಡ್ಯುಯೊ ಟಿ5750, 2 ಗಿಗಾಹರ್ಟ್ಸ್. ಒಂದು ಸಣ್ಣ ತಂತಿ ಸೋಲ್ಡರ್ ಮಾಡಿದರೆ ಅದು 2.4ಕ್ಕೆ ಏರುತ್ತದಂತೆ. ನನ್ನ ಗೆಳೆಯ ತನ್ನ ಐ5-8250ಯುಗೂ ಹಾಗೇ ಮಾಡಿಸೋಣ ಅನ್ನುತ್ತಿದ್ದಾನೆ. ನಿಜವಾಗಿ ಆಗುತ್ತದೆಯೇ? ಹಾಸನದಲ್ಲಿ ಯಾರಾದರೂ ಮಾಡಿಕೊಡುತ್ತಾರೆಯೇ?
– ಬೇಲೂರಿನ ವಿದ್ಯಾರ್ಥಿ

ನಿಮ್ಮದಕ್ಕೆ ಆಗಬಹುದು. ನಿಮ್ಮ ಗೆಳೆಯನದಕ್ಕೆ ಆಗುವುದಿಲ್ಲ.

ನಿಮ್ಮ ಪ್ರೊಸೆಸರಿನ ವೇಗ ಒಂದು ಗುಣಾಕಾರ. ಮದರ್‌ಬೋರ್ಡಿನ ಮೇಲಿರುವ ಕ್ಲಾಕ್ ಜನರೇಟರ್ ಎಂಬ ಪುಟ್ಟ ಚಿಪ್ 166 ಮೆಗಾಹರ್ಟ್ಸ್ ಮಿಡಿತ ಕೊಡುತ್ತದೆ. ಪ್ರೊಸೆಸರ್ ಅದನ್ನು 12ರಿಂದ ಗುಣಿಸಿಕೊಂಡು 2 ಗಿಗಾಹರ್ಟ್ಸ್ ಮಾಡಿಕೊಳ್ಳುತ್ತದೆ. ಆ 12 ಅನ್ನು ಹೆಚ್ಚಿಸದಂತೆ ಇಂಟೆಲ್ ಬೀಗ ಹಾಕಿದೆ. ಆದರೆ 166 ಬೇಕೋ 200 ಬೇಕೋ ಎಂಬುದನ್ನು ಪ್ರೊಸೆಸರ್ ಬೋರ್ಡಿಗೆ ತಿಳಿಸುವುದು ಬಿಎಸ್‌ಇಎಲ್ ಎಂಬ ಮೂರು ಪಿನ್‌ಗಳ ಮೂಲಕ. ಪ್ರೊಸೆಸರ್ ಮತ್ತು ಚಿಪ್‌ಸೆಟ್ ನಡುವಿನ ದಾರಿಗೆ ಬಸ್ ಎನ್ನುತ್ತಾರೆ; ಒಂದು ಮಿಡಿತಕ್ಕೆ ಅದರಲ್ಲಿ ನಾಲ್ಕು ಸಲ ಮಾಹಿತಿ ಸಾಗುವುದರಿಂದ 166 ಅಲ್ಲಿ 667 ಆಗುತ್ತದೆ, 200 ಅಲ್ಲಿ 800. ಪೆಟ್ಟಿಗೆಯ ಮೇಲೆ 667 ಎಂದು ಬರೆದಿರುವ ಬಸ್ ವೇಗಕ್ಕೂ 800ರ ಬಸ್ ವೇಗಕ್ಕೂ ಈ ಮೂರರಲ್ಲಿ ವ್ಯತ್ಯಾಸವಾಗುವುದು ಒಂದೇ ಪಿನ್, ಬಿಎಸ್‌ಇಎಲ್0. ಅದನ್ನು ಗ್ರೌಂಡಿಗೆ ಜೋಡಿಸಿದರೆ ಬೋರ್ಡು 200 ಕೊಡಲು ಶುರುಮಾಡುತ್ತದೆ. 12ರಿಂದ ಗುಣಿಸಿದರೆ 2.4 ಗಿಗಾಹರ್ಟ್ಸ್. ನೀವು ಕೇಳಿದ ತಂತಿ ಇದೇ. ಕೆಲವರು ಸೋಲ್ಡರ್ ಕೂಡ ಮಾಡದೆ ತಾಮ್ರದ ಒಂದು ಎಳೆಯನ್ನು ಬಗ್ಗಿಸಿ, ಸಾಕೆಟ್ಟಿನ ಎರಡು ತೂತುಗಳಲ್ಲಿ ಇಳಿಸಿ, ಮೇಲೆ ಪ್ರೊಸೆಸರ್ ಕೂರಿಸುತ್ತಿದ್ದರು. ತೂತು ಲೆಕ್ಕ ತಪ್ಪಿದರೆ ಬೋರ್ಡೇ ಹೋಗಬಹುದು.

ಇಷ್ಟರಿಂದಲೇ ಕೆಲಸ ಆಗುತ್ತದೆ ಎನ್ನುವಂತಿಲ್ಲ. ಪ್ರೊಸೆಸರನ್ನು ರ‍್ಯಾಮ್ ಮುಂತಾದವಕ್ಕೆ ಜೋಡಿಸುವ ಬೋರ್ಡಿನ ಮುಖ್ಯ ಚಿಪ್, ಅಂದರೆ ಚಿಪ್‌ಸೆಟ್ಟೂ 800ಕ್ಕೆ ಒಪ್ಪಬೇಕು. ಜಿಎಂ965 ಇದ್ದರೆ ಒಪ್ಪುತ್ತದೆ. ಅಗ್ಗದ ಮಾದರಿಗಳಿಗೆ ಹಾಕುತ್ತಿದ್ದ ಜಿಎಲ್960ಕ್ಕೆ 800 ಇಲ್ಲವೇ ಇಲ್ಲ. ಅಂದರೆ ಈ ಉಪಾಯ ಯಾರಿಗೆ ತೀರಾ ಅಗತ್ಯವಿತ್ತೋ ಅವರ ಲ್ಯಾಪ್‌ಟಾಪಿಗೇ ಅದು ಒದಗುತ್ತಿರಲಿಲ್ಲ! ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಮೇನ್‌ಬೋರ್ಡ್ ಪುಟ ತೆರೆದರೆ ಚಿಪ್‌ಸೆಟ್ ಹೆಸರು ಸಿಗುತ್ತದೆ. ಬಳಿಕ, ಸೋಲ್ಡರಿಂಗ್ ಐರನ್ ಕೈಗೆತ್ತಿಕೊಳ್ಳುವ ಮುಂಚೆ, ಸೆಟ್‌ಎಫ್‌ಎಸ್‌ಬಿ ತಂತ್ರಾಂಶದಿಂದ ಅದೇ ಮಿಡಿತವನ್ನು ಮೆಲ್ಲಗೆ ಏರಿಸಿ ನೋಡಿ. ಎಲ್ಲ ಕ್ಲಾಕ್ ಚಿಪ್‌ಗಳಿಗೂ ಅದು ಹೊಂದುವುದಿಲ್ಲ, ಮತ್ತು ಹೀಗೆ ಏರಿಸಿದಾಗ ರ‍್ಯಾಮ್ ವೇಗವೂ ಜೊತೆಗೇ ಏರುವುದರಿಂದ ರ‍್ಯಾಮ್ ಮೊದಲು ಸೋಲಬಹುದು. ಆದರೂ ಯಂತ್ರ ಹ್ಯಾಂಗ್ ಆದರೆ ಆಫ್ ಮಾಡಿ ಆನ್ ಮಾಡಿದರೆ ಮೊದಲಿನಂತೆಯೇ ಇರುತ್ತದೆ, ಖರ್ಚಿಲ್ಲ.

ಗೆಳೆಯನ ಐ5ನಲ್ಲಿ ಹೀಗೆ ಮುಟ್ಟಲು ಏನೂ ಉಳಿದಿಲ್ಲ. 2011ರ ಸ್ಯಾಂಡಿ ಬ್ರಿಡ್ಜ್ ಕಾಲಕ್ಕೆ ಇಂಟೆಲ್ ಕ್ಲಾಕ್ ಜನರೇಟರನ್ನು ಚಿಪ್‌ಸೆಟ್ಟಿನ ಒಳಗೇ ಸೇರಿಸಿ, ಪ್ರೊಸೆಸರ್, ಡಿಸ್ಕ್ ಜೋಡಿಸುವ ಸಾಟಾ, ಇತರ ಬಿಡಿಭಾಗ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಎಲ್ಲಕ್ಕೂ ಒಂದೇ 100 ಮೆಗಾಹರ್ಟ್ಸ್ ಮಿಡಿತ ಕೊಟ್ಟಿತು. ಕಾಫಿ ತೋಟದಲ್ಲಿ ಒಂದೇ ಎಂಜಿನ್ನಿಗೆ ಬೆಲ್ಟ್ ಹಾಕಿ ಪಲ್ಪರನ್ನೂ ವಾಷರನ್ನೂ ಓಡಿಸುತ್ತಾರಲ್ಲ, ಹಾಗೆ: ಪಲ್ಪರ್ ಒಂದನ್ನೇ ಜೋರು ಮಾಡಲು ಬರುವುದಿಲ್ಲ. ನಾಲ್ಕೈದು ಶೇಕಡಾ ಏರಿಸುವಷ್ಟರಲ್ಲಿ ಡಿಸ್ಕ್ ಸಂಪರ್ಕವೇ ತಪ್ಪಬಹುದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಐ5-8250ಯು ಮೂಲ ವೇಗ 1.6 ಗಿಗಾಹರ್ಟ್ಸ್ ಆದರೂ ಟರ್ಬೊದಲ್ಲಿ ತಾನಾಗಿಯೇ 3.4ಕ್ಕೆ ಏರುತ್ತದೆ. ಅಲ್ಲಿಂದ ಕೆಳಗೆ ಎಳೆಯುವುದು 15 ವಾಟ್‌ನ ಮಿತಿ ಮತ್ತು ಬಿಸಿ. ಹೀಟ್‌ಸಿಂಕಿನ ಧೂಳು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಅವನಿಗೆ ಬೇಕಾದ ಓವರ್‌ಕ್ಲಾಕ್, ಅಂದರೆ ಹೆಚ್ಚಿನ ವೇಗ, ಬಹುಪಾಲು ಅಲ್ಲೇ ಸಿಕ್ಕಿಬಿಡುತ್ತದೆ.

ಬಿಸಿಯ ಲೆಕ್ಕ ನಿಮಗೂ ತಪ್ಪಿದ್ದಲ್ಲ. ವೋಲ್ಟೇಜ್ ಮುಟ್ಟದೆ ವೇಗ ಶೇ 20 ಹೆಚ್ಚಿಸಿದರೆ ಪ್ರೊಸೆಸರ್ ದುಡಿಯುವಾಗಿನ ವಿದ್ಯುತ್ ಬಳಕೆಯೂ ಸುಮಾರು ಅಷ್ಟೇ ಹೆಚ್ಚುತ್ತದೆ. ಅದು ಸಾಲದೆ ವೋಲ್ಟೇಜನ್ನೂ ಶೇ 10 ಏರಿಸಿದಿರೋ, ಒಟ್ಟು ಏರಿಕೆ ಶೇ 45ರ ಹತ್ತಿರ, ಏಕೆಂದರೆ ವೋಲ್ಟೇಜಿನ ವರ್ಗ (ಅದನ್ನು ಅದರಿಂದಲೇ ಗುಣಿಸಿದ್ದು) ಲೆಕ್ಕಕ್ಕೆ ಬರುತ್ತದೆ. 35 ವಾಟ್‌ಗೆಂದು ಮಾಡಿದ ಫ್ಯಾನ್ ಅದು. ನಮ್ಮ ಕಡೆ ತಂಪು, ಪರವಾಗಿಲ್ಲ ಎನ್ನುವವರಿದ್ದಾರೆ. ಅರ್ಧ ಸರಿ. ಚಿಕ್ಕಮಗಳೂರಿನಂತೆ ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ 10 ಕಡಿಮೆ. ಅದೇ ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಹೊರಗೆ ಹಾಕುವ ಬಿಸಿ ಅಷ್ಟು ಕಮ್ಮಿ. ತಂಪಿನಿಂದ ಬಂದ ಲಾಭದಲ್ಲಿ ಒಂದಿಷ್ಟು ಅಲ್ಲಿಗೆ ಹೋಯಿತು.

ಮಲೆನಾಡಿನ ಮಳೆಗಾಲ ಇನ್ನೊಂದು ಚಿಂತೆ. ಸೋಲ್ಡರ್ ಮಾಡಿದ ಮೇಲೆ ಉಳಿಯುವ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಹಚ್ಚುವ ಪದಾರ್ಥ) ತೇವ ಹೀರಿಕೊಂಡು, ಜುಲೈ ಹೊತ್ತಿಗೆ ಪಕ್ಕದ ಗೆರೆಗಳ ನಡುವೆ ಕರೆಂಟ್ ಸೋರಲು, ತಾಮ್ರ ಹಸಿರಾಗಲು ಕಾರಣವಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ಉಜ್ಜಿ ತೆಗೆಯುವವರ ಕೈಗೆ ಮಾತ್ರ ಬೋರ್ಡ್ ಕೊಡಿ.

ಹಾಸನದಲ್ಲಿ ಯಾರು ಎಂದು ಅಂಗಡಿಯ ಹೆಸರು ಹೇಳಲಾರೆ. ಚಿಪ್ ಲೆವೆಲ್ ರಿಪೇರಿ ಮಾಡುವವರಿಗೆ ತಂತಿ ಬೆಸೆಯುವುದು ದೊಡ್ಡ ಕೆಲಸವಲ್ಲ. ಗ್ಯಾರಂಟಿ ಕೇಳಿದರೆ ಮಾತ್ರ ನಕ್ಕಾರು. ದುಡ್ಡು ಖರ್ಚು ಮಾಡುವುದೇ ಆದರೆ ನಾನಾದರೆ ಮೊದಲು ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಸಾಟಾ ಎಸ್‌ಎಸ್‌ಡಿ ಹಾಕಿಸುತ್ತಿದ್ದೆ, ರ‍್ಯಾಮ್ 4 ಜಿಬಿ ಮಾಡಿಸುತ್ತಿದ್ದೆ, ಹಗುರವಾದ ಲಿನಕ್ಸ್ ಒಂದನ್ನು ಕೂರಿಸುತ್ತಿದ್ದೆ. ಆನ್ ಮಾಡಿ ಕಾಯುವ ಹೊತ್ತು ತಗ್ಗುವುದು ಇದರಿಂದ, 2.4 ಗಿಗಾಹರ್ಟ್ಸ್‌ನಿಂದ ಅದು ಗಮನಕ್ಕೂ ಬಾರದು. ಇಷ್ಟಾದ ಮೇಲೂ ತಂತಿಯ ಆಸೆ ಹೋಗದಿದ್ದರೆ, ಮಾಡಿನೋಡಲಿಕ್ಕೆ ಇಂಥ ಹಳೆಯ ಯಂತ್ರಕ್ಕಿಂತ ಒಳ್ಳೆಯದು ಸಿಗಲಾರದು. ಅಣ್ಣನ ಫೋಟೊಗಳನ್ನು ಮೊದಲು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.