ಪದ ಪರಿಚಯ: ಡಿಸ್‌ಚಾರ್ಜ್ ಯೋಜನೆ

ಮಾನಸಿಕ ಕಾಯಿಲೆಗಾಗಿ ಆಸ್ಪತ್ರೆಯಲ್ಲಿದ್ದ ವ್ಯಕ್ತಿ ಊರಿಗೆ ಮರಳಿದ ಮೇಲೆ ಅವರ ಚಿಕಿತ್ಸೆ ಎಲ್ಲಿ, ಯಾರ ಕೈಯಲ್ಲಿ, ಹೇಗೆ ಮುಂದುವರಿಯಬೇಕು ಎಂಬುದನ್ನು ಅವರು ವಾರ್ಡಿನಲ್ಲಿರುವಾಗಲೇ ನಿರ್ಧರಿಸಿ ಬರೆದಿಡುವುದಕ್ಕೆ ಡಿಸ್‌ಚಾರ್ಜ್ ಯೋಜನೆ ಎನ್ನುತ್ತಾರೆ. ಹೊರಡುವ ದಿನ ಕೈಗೆ ಬರುವ ಚೀಟಿಯಲ್ಲಿ ಹೆಚ್ಚಾಗಿ ಅದುವರೆಗೆ ನಡೆದ ಚಿಕಿತ್ಸೆಯ ವಿವರವಿರುತ್ತದೆ. ಯೋಜನೆ ಹೇಳಬೇಕಾದದ್ದು ಮುಂದಿನದನ್ನು.

2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 98ನೇ ಸೆಕ್ಷನ್ ಇದನ್ನು ಮನೋವೈದ್ಯರ ಹೊಣೆಯಾಗಿಸಿದೆ. ರೋಗಿಯೊಂದಿಗೆ, ಅವರ ನಾಮನಿರ್ದೇಶಿತ ಪ್ರತಿನಿಧಿಯೊಂದಿಗೆ (ಚಿಕಿತ್ಸೆಯ ನಿರ್ಧಾರಗಳಲ್ಲಿ ನೆರವಾಗಲು ಕಾಯ್ದೆಯಂತೆ ನೇಮಕವಾದ ವ್ಯಕ್ತಿ), ಮನೆಯಲ್ಲಿ ನೋಡಿಕೊಳ್ಳುವವರೊಂದಿಗೆ ಹಾಗೂ ಮುಂದೆ ಚಿಕಿತ್ಸೆ ನೀಡಲಿರುವ ವೈದ್ಯರೊಂದಿಗೆ ಸಮಾಲೋಚಿಸಿಯೇ ಯೋಜನೆ ಸಿದ್ಧವಾಗಬೇಕು. ಕುಟುಂಬವಿಲ್ಲ ಅಥವಾ ಮನೆಯವರು ಒಪ್ಪುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ ಎಂದು 19ನೇ ಸೆಕ್ಷನ್ ಹೇಳುತ್ತದೆ.

ಯೋಜನೆ ರೋಗಿಯ ದುಡಿಮೆಗೆ ಹೊಂದಿಕೊಳ್ಳದಿದ್ದರೆ ಕಾಗದದಲ್ಲೇ ಉಳಿಯುತ್ತದೆ. ಚಳ್ಳಕೆರೆ ಸೀಮೆಯಲ್ಲಿ ಹೊಲದ ಕೂಲಿಗೆ ಹೋಗುವ ಒಬ್ಬರಿಗೆ ಮನಸ್ಥಿತಿಯ ವಿಪರೀತ ಏರಿಳಿತವನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ಬರೆದುಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಬಿಸಿಲಿನಲ್ಲಿ ಬೆವರಿ ಸಾಕಷ್ಟು ನೀರು ಕುಡಿಯದಿದ್ದರೆ, ಇಲ್ಲವೇ ಮೈಕೈ ನೋವಿಗೆಂದು ಮೆಡಿಕಲ್ ಶಾಪಿನಿಂದ ತಾವೇ ಐಬುಪ್ರೊಫೇನ್‌ನಂಥ ಮಾತ್ರೆ ತಂದು ನುಂಗಿದರೆ, ರಕ್ತದಲ್ಲಿ ಲಿಥಿಯಂ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ತೂರಾಡುವ ನಡಿಗೆ ಅದರ ಸೂಚನೆಗಳು. ಹಾಗಾದಾಗ ತಡಮಾಡದೆ ಆಸ್ಪತ್ರೆಗೆ ಬರಬೇಕೆಂಬುದನ್ನೂ, ರಕ್ತಪರೀಕ್ಷೆ ಎಲ್ಲಿ, ಯಾವಾಗ ಮಾಡಿಸಬೇಕೆಂಬುದನ್ನೂ ಮನೆಯವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದುಕೊಡಬೇಕು. ರಾತ್ರಿಯ ಮಾತ್ರೆಯ ಮಂಪರು ಬೆಳಿಗ್ಗೆಯವರೆಗೂ ಇಳಿಯದೆ ಮೊಳಕಾಲ್ಮುರಿನ ನೇಕಾರರೊಬ್ಬರಿಗೆ ಮಗ್ಗದ ಮುಂದೆ ಕೂರಲು ಆಗುತ್ತಿಲ್ಲವೆಂದರೆ, ಅವರು ಮಾತ್ರೆಯನ್ನೇ ಬಿಡುವ ಮೊದಲು ಯಾರಿಗೆ ಹೇಳಬೇಕೆಂಬುದು ತಿಳಿದಿರಬೇಕು.

ಮನೋವೈದ್ಯರು ದೂರದಲ್ಲಿದ್ದಾರೆಂದು ಚಿಕಿತ್ಸೆ ನಿಲ್ಲಬೇಕಾಗಿಲ್ಲ. ತರಬೇತಿ ಪಡೆದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಮಾನಸಿಕ ಕಾಯಿಲೆಗಳನ್ನು ನೋಡಿಕೊಳ್ಳಬಲ್ಲರೆಂಬುದನ್ನು ನೆರೆಯ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆದ್ದರಿಂದ ಜಗಳೂರಿನ ರೋಗಿಯನ್ನು ಪ್ರತಿ ಬಾರಿಯೂ ದಾವಣಗೆರೆಗೋ ಬೆಂಗಳೂರಿಗೋ ಕರೆಸುವ ಬದಲು, ಯಾವುದನ್ನು ಹತ್ತಿರದಲ್ಲೇ ಪಡೆಯಬಹುದು, ಯಾವುದಕ್ಕೆ ತಜ್ಞರೇ ಬೇಕು ಎಂಬುದನ್ನು ಯೋಜನೆ ವಿಂಗಡಿಸಬೇಕು. ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿ ತಪ್ಪುವುದರಿಂದಲೇ ಚಿಕಿತ್ಸೆ ಬಿಟ್ಟುಹೋಗುವುದನ್ನು ರೋಗಿಯ ಉದಾಸೀನವೆಂದು ದೂರುವುದು ಅನ್ಯಾಯ.

ಡಿಸ್‌ಚಾರ್ಜ್ ಆದ ಮೊದಲ ಕೆಲವು ವಾರಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. ಆ ಅವಧಿಯಲ್ಲಿ ಫೋನ್ ಮಾಡಿ ವಿಚಾರಿಸುವವರು, ಮೊದಲ ಭೇಟಿ ತಪ್ಪಿದರೆ ಮನೆಗೆ ಹೋಗಿ ನೋಡುವವರು ಯಾರೆಂಬುದನ್ನು ಹೆಸರು ಹಿಡಿದು ಗೊತ್ತುಮಾಡಿರಬೇಕು. ನಿದ್ದೆ ಕೆಡುವುದು, ಊಟ ಬಿಡುವುದು, ಒಂಟಿಯಾಗಿ ಮಾತಾಡಿಕೊಳ್ಳುವುದು ಹೀಗೆ ಕಾಯಿಲೆ ಮರುಕಳಿಸುವ ಮೊದಲ ಲಕ್ಷಣಗಳು ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿರುವುದರಿಂದ, ಅವನ್ನು ರೋಗಿಯನ್ನೂ ಮನೆಯವರನ್ನೂ ಕೇಳಿಯೇ ಬರೆಯಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಸಲಹೆ ಬೇಕಾದರೆ 14416ಕ್ಕೆ ಕರೆ ಮಾಡಬಹುದು. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಕನ್ನಡದಲ್ಲೂ ಸಿಗುವ ಉಚಿತ ಟೆಲಿ ಮಾನಸ್ ಸೇವೆ.