ಟ್ಯಾಂಕಿಗೆ ಯಾವ ವ್ಯಾಕ್ಸ್ ಹಚ್ಚೋಣ?

ಆಯುಧ ಪೂಜೆಯ ಹಿಂದಿನ ದಿನ ಮೈಸೂರಿನಲ್ಲಿ ಬೈಕ್ ತೊಳೆಯದ ಮನೆ ಹುಡುಕುವುದು ಕಷ್ಟ. ನಮ್ಮ ಬೀದಿಯಲ್ಲಂತೂ ಬೆಳಗ್ಗೆಯೇ ಬಕೆಟ್ಟು, ಪೈಪು, ಹಳೇ ಬನಿಯನ್ನು ಎಲ್ಲ ಹೊರಗೆ ಬಂದಿರುತ್ತವೆ. ಹೋದ ವರ್ಷ ಮಾರನೇ ದಿನ ಒಡೆಯಲು ತಂದಿದ್ದ ಬೂದುಗುಂಬಳವನ್ನು ಗೇಟಿನ ಪಕ್ಕದಿಂದ ಎತ್ತಿಡುತ್ತಿದ್ದೆ. ಕೈಗೆಲ್ಲ ಬಿಳಿ ಪುಡಿ ಮೆತ್ತಿತು. ಇನ್ನೊಂದು ಕೈಯಲ್ಲಿ ಆಗಷ್ಟೇ ಅಂಗಡಿಯಿಂದ ತಂದ ಬೈಕ್ ವ್ಯಾಕ್ಸಿನ ಡಬ್ಬಿ. ಎರಡು ಕೈಯಲ್ಲೂ ಇದ್ದದ್ದು ಒಂದೇ ಜಾತಿಯ ಪದಾರ್ಥ!

ಬೂದುಗುಂಬಳದ ಆ ‘ಬೂದಿ’ ನಿಜಕ್ಕೂ ಮೇಣ. ಇಂಗ್ಲಿಷಿನವರು ಅದನ್ನು ‘ಮೇಣದ ಕುಂಬಳ’ ಎಂದೇ ಕರೆಯುತ್ತಾರೆ. ಕಾಯಿ ಬಲಿತಂತೆ ಸಿಪ್ಪೆಯ ಮೇಲೆ ತಾನೇ ಈ ಮೇಣ ಬಿಡುತ್ತದೆ. ಒಳಗಿನ ನೀರು ಆರುವುದಿಲ್ಲ, ಹೊರಗಿನ ತೇವ ಸುಲಭಕ್ಕೆ ಒಳಗಿಳಿಯುವುದಿಲ್ಲ. ಅದಕ್ಕೇ ಬೂದುಗುಂಬಳ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೆಡದೆ ಕೂತಿರುತ್ತದೆ. ಕೆಸುವಿನ ಎಲೆಯ ಮೇಲೆ ಮಳೆಹನಿ ಪಾದರಸದಂತೆ ಉರುಳಾಡುವುದೂ ಮೇಣದಿಂದಲೇ. ತಾವರೆ ಎಲೆ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿವೆ, ಆ ಉಬ್ಬುಗಳ ಮೇಲೆ ಮೇಣವಿದೆ. ಹನಿ ಉಬ್ಬುಗಳ ತುದಿಯ ಮೇಲಷ್ಟೇ ಕೂರುತ್ತದೆ, ಉರುಳುವಾಗ ಧೂಳನ್ನೂ ಹೊತ್ತುಕೊಂಡು ಹೋಗುತ್ತದೆ. ಜರ್ಮನಿಯ ಸಸ್ಯಶಾಸ್ತ್ರಜ್ಞ ವಿಲ್ಹೆಲ್ಮ್ ಬಾರ್ಟ್‌ಲಾಟ್ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದರು. ‘ತಾವರೆ ಎಲೆಯ ಮೇಲಿನ ನೀರಿನಂತೆ’ ಎಂಬ ಮಾತು ನಮ್ಮಲ್ಲಿ ಅದಕ್ಕೆ ಎಷ್ಟೋ ಕಾಲ ಮುಂಚಿನಿಂದಲೂ ಇದೆ, ಬಿಡಿ.

ಮೇಣದ ಅಣು ಒಂದು ಉದ್ದನೆಯ ಸರಪಳಿ. ಇಂಗಾಲದ ಹಿಂದೆ ಇಂಗಾಲ, ಸುತ್ತ ಜಲಜನಕ. ನೀರಿನ ಅಣುಗಳಿಗೆ ಒಂದರ ಮೇಲೊಂದಕ್ಕೆ ಬಲು ಸೆಳೆತ, ಮೇಣದ ಮೇಲೆ ಮಾತ್ರ ಆಸಕ್ತಿ ಕಡಿಮೆ. ಹಾಗಾಗಿ ಹರಡುವ ಬದಲು ತಮ್ಮತಮ್ಮಲ್ಲೇ ಗುಂಪು ಕಟ್ಟಿಕೊಂಡು ಗುಂಡಗಾಗುತ್ತವೆ. ವ್ಯಾಕ್ಸ್ ಹಚ್ಚಿದ ಟ್ಯಾಂಕಿನ ಮೇಲೆ ಮುತ್ತಿನಂಥ ಹನಿ ನಿಲ್ಲುವುದು ಹೀಗೆ.

ಆದರೆ ಈ ಮುತ್ತು ನೋಡಿ ಜಾಸ್ತಿ ಹಿಗ್ಗಬೇಕಾಗಿಲ್ಲ. ಬೋರ್‌ವೆಲ್ ನೀರಿನಲ್ಲಿ ತೊಳೆದು ಹಾಗೇ ಬಿಸಿಲಿಗೆ ಬಿಟ್ಟರೆ ಪ್ರತಿ ಮುತ್ತೂ ಒಣಗಿ ಒಂದು ಬಿಳಿ ಉಂಗುರ ಬಿಡುತ್ತದೆ. ಗೀಸರಿನ ಕಾಯಿಲ್ ಮೇಲೆ ಕಟ್ಟುವ ಅದೇ ಗಡಸು ನೀರಿನ ಸುಣ್ಣ ಅದು. ವ್ಯಾಕ್ಸ್ ಇದ್ದರೂ ತೊಳೆದ ಮೇಲೆ ಒರೆಸಲೇಬೇಕು.

ಹಾಗಾದರೆ ವ್ಯಾಕ್ಸ್ ಮಾಡುವುದೇನು? ಹಲಸಿನ ಹಣ್ಣು ಕೊಯ್ಯುವ ಮುಂಚೆ ಕೈಗೂ ಚೂರಿಗೂ ಕೊಬ್ಬರಿ ಎಣ್ಣೆ ಸವರುತ್ತೇವಲ್ಲ, ಅಷ್ಟೇ. ಎಣ್ಣೆ ಕೈಯನ್ನು ಗಟ್ಟಿ ಮಾಡುವುದಿಲ್ಲ. ಹಲಸಿನ ಮೇಣ ಕೈಗೆ ಅಂಟುವ ಬದಲು ಎಣ್ಣೆಗೆ ಅಂಟುತ್ತದೆ, ಆಮೇಲೆ ಎರಡೂ ಒಟ್ಟಿಗೆ ಹೋಗುತ್ತವೆ. ಟ್ಯಾಂಕಿನ ಮೇಲಿನ ವ್ಯಾಕ್ಸ್ ಕೂಡ ಹಾಗೆ ಸವೆದು ಹೋಗಲೆಂದೇ ಇರುವುದು. ಧೂಳು, ಹೊಗೆಯ ಮಸಿ, ಮರದ ಅಂಟು, ಕಾಗೆಯ ಹಿಕ್ಕೆ ಮೊದಲು ಅದಕ್ಕೆ ತಾಗುತ್ತವೆ. ತೊಳೆದಾಗ ಬೇಗ ಬಿಡುತ್ತವೆ. ‘ಇದನ್ನು ಹಚ್ಚಿದರೆ ಗೀರೇ ಬೀಳಲ್ಲ’ ಅಂತ ಯಾರಾದರೂ ಹೇಳಿದರೆ ನಗುತ್ತಾ ಮುಂದಿನ ಅಂಗಡಿಗೆ ಹೋಗಿ.

ಏಕೆಂದರೆ ಈ ಪದರ ಅಷ್ಟು ತೆಳು. ಇಂದಿನ ಬೈಕಿನ ಟ್ಯಾಂಕಿನಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಕ್ಲಿಯರ್ ಕೋಟಿನ ದಪ್ಪ ಸಾಮಾನ್ಯವಾಗಿ 30ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ಬೈಕಿನ ಹೊಳಪು, ಬಿಸಿಲು ತಡೆಯುವ ಶಕ್ತಿ ಎಲ್ಲ ಇರುವುದು ಕೂದಲಿಗಿಂತ ತೆಳುವಾದ ಆ ಪದರದಲ್ಲಿ. ಅದರ ಮೇಲೆ ನಾವು ಒರೆಸಿ ಉಳಿಸುವ ವ್ಯಾಕ್ಸ್ ಹೆಚ್ಚೆಂದರೆ ಒಂದು ಮೈಕ್ರಾನಿನ ಆಸುಪಾಸು. ಇಷ್ಟು ತೆಳು ಮೇಣ ಸೂರ್ಯನ ಅತಿನೇರಳೆ ಕಿರಣವನ್ನು ತಡೆಯುವುದು ಅಷ್ಟಕ್ಕಷ್ಟೇ. ಆ ಕೆಲಸಕ್ಕೆ ಕ್ಲಿಯರ್ ಕೋಟಿನೊಳಗೇ ಬೇರೆ ರಾಸಾಯನಿಕ ಬೆರೆಸಿರುತ್ತಾರೆ. ಬಿಸಿಲಿನಿಂದ ಬಣ್ಣ ಉಳಿಸಬೇಕಾದರೆ ಎಲ್ಲಕ್ಕಿಂತ ಒಳ್ಳೆಯ ವ್ಯಾಕ್ಸ್ ಅಂದರೆ ನೆರಳು. ಆದರೆ ನೆರಳು ಕೊಡುವ ಮರದಲ್ಲಿ ಕಾಗೆ ಕೂತಿರುತ್ತದೆ, ಏನು ಮಾಡುವುದು!

ಹಿಕ್ಕೆಯ ವಿಷಯ ಬಂದಿದ್ದಕ್ಕೆ ಒಂದು ಮಾತು. ಅದರಲ್ಲಿ ಆಮ್ಲ ಇರುವುದು ನಿಜ. ಬಿಸಿಲೂ ಅದಕ್ಕೆ ಕೈಜೋಡಿಸುತ್ತದೆ. ಬಿಸಿಯಾದ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗಿರುತ್ತದೆ, ಹಿಕ್ಕೆ ಅದರ ಮೇಲೆ ಒಣಗಿ ಗಟ್ಟಿಯಾಗುತ್ತದೆ. ಸಂಜೆ ತಣ್ಣಗಾಗಿ ಕುಗ್ಗುವಾಗ ಹಿಕ್ಕೆಯ ಅಚ್ಚು ಅಲ್ಲೇ ಉಳಿಯುತ್ತದೆ. ವ್ಯಾಕ್ಸ್ ಇದ್ದರೆ ಸ್ವಲ್ಪ ಸಮಯ ಸಿಗುತ್ತದೆ, ಅಷ್ಟೇ. ಒದ್ದೆ ಬಟ್ಟೆ ಐದು ನಿಮಿಷ ಮುಚ್ಚಿಟ್ಟು, ನೆನೆಸಿ ತೆಗೆಯಿರಿ. ಒಣಗಿದ್ದನ್ನು ಉಗುರಲ್ಲಿ ಕೆರೆಯಬೇಡಿ.

ಈಗ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಮಾಡಬೇಕಾದ ಒಂದು ಪರೀಕ್ಷೆ. ನಮ್ಮ ಮನೆಯಲ್ಲಿ ಎರಡು ಬೈಕಿವೆ. ಒಂದು ನನ್ನದು, ಹೊಸದು. ಇನ್ನೊಂದು ಅಪ್ಪನ ಕೆಂಪು ಯೆಜ್ಡಿ. 1961ರಿಂದ 1996ರವರೆಗೆ ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ಈ ಗಾಡಿಗಳು ತಯಾರಾಗುತ್ತಿದ್ದವು, ಮೊದಲು ಜಾವಾ ಹೆಸರಲ್ಲಿ, ಆಮೇಲೆ ಯೆಜ್ಡಿ ಹೆಸರಲ್ಲಿ. ನಾನು ಮೊದಲ ಸಲ ಅಪ್ಪನ ಗಾಡಿಗೆ ಪಾಲಿಶ್ ತಿಕ್ಕಿದಾಗ ಬಿಳಿ ಬಟ್ಟೆ ರಕ್ತಗೆಂಪಾಯಿತು. ಎದೆ ಧಸಕ್ಕೆಂದಿತು. ‘ಏನೋ ಮಾಡ್ದೆ?’ ಅಂತ ಅಪ್ಪ ಓಡಿ ಬಂದರು. ಅದು ಹಳೇ ಕಾಲದ ಬಣ್ಣ. ಮೇಲೆ ಕ್ಲಿಯರ್ ಕೋಟ್ ಇಲ್ಲ, ಬಣ್ಣವೇ ಕೊನೆಯ ಪದರ. ಬಟ್ಟೆಗೆ ಬಣ್ಣ ಹತ್ತಿದರೆ ಹೀಗೆ ಅಂತ ತಿಳಿಯಿರಿ. ಹತ್ತದಿದ್ದರೆ ಕ್ಲಿಯರ್ ಕೋಟ್ ಇದೆ ಅಂತ ಅರ್ಥ.

ಇದು ಯಾಕೆ ಮುಖ್ಯ ಅಂದರೆ, ನಮ್ಮಲ್ಲಿ ‘ಪಾಲಿಶ್’ ಎಂಬ ಒಂದೇ ಹೆಸರಿನಲ್ಲಿ ಎರಡು ತದ್ವಿರುದ್ಧ ವಸ್ತುಗಳನ್ನು ಮಾರುತ್ತಾರೆ. ನಿಜವಾದ ಪಾಲಿಶ್‌ನಲ್ಲಿ ನುಣ್ಣನೆಯ ಉಜ್ಜುಪುಡಿ ಇರುತ್ತದೆ. ಅದು ಮೇಲ್ಪದರವನ್ನು ಕೆರೆದು ತೆಗೆಯುತ್ತದೆ. ವ್ಯಾಕ್ಸ್ ಒಂದು ಪದರ ಸೇರಿಸುತ್ತದೆ. ಸತ್ತು ಸುಣ್ಣದಂತಾದ ಹಳೇ ಬಣ್ಣಕ್ಕೆ ಒಮ್ಮೆ ಪಾಲಿಶ್ ಬೇಕಾಗಬಹುದು. ತಿಂಗಳಿಗೊಮ್ಮೆ ಪಾಲಿಶ್ ತಿಕ್ಕಿದರೆ ಟ್ಯಾಂಕಿನ ಅಂಚುಗಳಲ್ಲಿ ಪ್ರೈಮರ್ ಇಣುಕುತ್ತದೆ. ಅಂಚಿನಲ್ಲಿ ಬಣ್ಣ ಮೊದಲೇ ತೆಳು. ಡಬ್ಬಿಯ ಮೇಲೆ ‘ಕ್ಲೀನರ್ ವ್ಯಾಕ್ಸ್’ ಅಂತ ಇದ್ದರೆ ಎರಡೂ ಬೆರೆತಿರುವ ಸಾಧ್ಯತೆ ಹೆಚ್ಚು. ಹೊಸ ಬೈಕಿಗೆ ಅದು ಬೇಡ.

ವ್ಯಾಕ್ಸ್‌ಗಳಲ್ಲಿ ಹೆಸರುವಾಸಿ ಕಾರ್ನೌಬಾ. ಬ್ರೆಜಿಲ್‌ನ ಈಶಾನ್ಯ ಭಾಗದ ಪಿಯಾವಿ, ಸಿಯಾರಾ ರಾಜ್ಯಗಳಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ನಮ್ಮ ತೆಂಗು, ಅಡಿಕೆಯ ಬಳಗದ್ದೇ ಮರ. ಅಲ್ಲಿ ವರ್ಷದ ಬಹುಭಾಗ ಮಳೆಯಿಲ್ಲ, ಬಿಸಿಲು ಜೋರು. ಎಲೆಯ ನೀರು ಉಳಿಸಿಕೊಳ್ಳಲು ಮರ ಮೇಣ ಬಿಡುತ್ತದೆ. ಎಲೆ ಕಡಿದು, ಒಣಗಿಸಿ, ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಅದನ್ನು ಕರಗಿಸಿ ಸೋಸುತ್ತಾರೆ. ಇದೇ ಮೇಣ ಮಾತ್ರೆಗಳ ಮೇಲೆ, ಮಕ್ಕಳು ತಿನ್ನುವ ಹೊಳೆಯುವ ಮಿಠಾಯಿಗಳ ಮೇಲೂ ಇರುತ್ತದೆ. ತಿನಿಸಿನ ಪೊಟ್ಟಣದ ಹಿಂದೆ 903 ಎಂಬ ಸಂಖ್ಯೆ ಕಂಡರೆ ಅದು ಇದೇ.

ಕಾರ್ನೌಬಾದ ಗುಣ ಅದರ ಗಟ್ಟಿತನದಲ್ಲಿದೆ. ಜೇನುಮೇಣ 62–64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕಾರ್ನೌಬಾ ಕರಗಲು 82–86 ಡಿಗ್ರಿ ಬೇಕು. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ನಿಂತ ಕಪ್ಪು ಟ್ಯಾಂಕನ್ನು ಮುಟ್ಟಿ ನೋಡಿದವರಿಗೆ ಈ ಅಂತರದ ಬೆಲೆ ಗೊತ್ತು. ಅಲ್ಲಿ ತಗಡು 60 ಡಿಗ್ರಿ ದಾಟುವುದು ಹೊಸದಲ್ಲ. ಕಾರ್ನೌಬಾ ಹಾಗೇ ಹಚ್ಚಲು ಬಾರದಷ್ಟು ಗಡಸು. ಹಾಗಾಗಿ ಎಣ್ಣೆ, ದ್ರಾವಕ, ಬೇರೆ ಮೆತ್ತನೆ ಮೇಣ ಬೆರೆಸಿ ಪೇಸ್ಟ್ ಮಾಡುತ್ತಾರೆ. ಕೆಂಪು, ಕಪ್ಪು ಬಣ್ಣಕ್ಕೆ ಒಂದು ಆಳವಾದ, ಎಣ್ಣೆ ಸವರಿದಂಥ ಹೊಳಪು ಬರುತ್ತದೆ. ಬಾಳಿಕೆ ಮಾತ್ರ ಕಡಿಮೆ, ಕೆಲವು ವಾರ, ಹೆಚ್ಚೆಂದರೆ ಎರಡು ಮೂರು ತಿಂಗಳು. ಅಪ್ಪನ ಯೆಜ್ಡಿಗೆ ನಾನು ಹಚ್ಚುವುದು ಇದನ್ನೇ. ಅದು ಭಾನುವಾರದ ಗಾಡಿ, ಹಚ್ಚುವುದೂ ಅಪ್ಪನಿಗೆ ಒಂದು ಖುಷಿ.

ದಿನಾ ಓಡುವ ಬೈಕಿಗೆ ನನ್ನ ಆಯ್ಕೆ ಸಿಂಥೆಟಿಕ್ ವ್ಯಾಕ್ಸ್, ಅಂದರೆ ಸೀಲಂಟ್. ಇದು ಕಾರ್ಖಾನೆಯಲ್ಲಿ ತಯಾರಾದ ಪಾಲಿಮರ್, ಹೆಚ್ಚಾಗಿ ಸಿಲಿಕೋನ್ ಜಾತಿಯದು. ಬಣ್ಣಕ್ಕೆ ಇನ್ನಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ, ಕೆಲವು ತಿಂಗಳು ನಿಲ್ಲುತ್ತದೆ. ದ್ರವ ರೂಪದಲ್ಲಿ, ಸ್ಪ್ರೇ ರೂಪದಲ್ಲಿ ಸಿಗುತ್ತದೆ. ಬೈಕಿಗೆ ಇದು ದೊಡ್ಡ ಅನುಕೂಲ. ಕಾರಿನಂತೆ ಬೈಕಿನಲ್ಲಿ ಚಪ್ಪಟೆ ಜಾಗ ಎಲ್ಲಿದೆ? ಬೋಲ್ಟು, ಸಂದು, ಸ್ಟಿಕರ್ ಅಂಚು, ತರಿತರಿ ಕಪ್ಪು ಪ್ಲಾಸ್ಟಿಕ್. ಪೇಸ್ಟ್ ವ್ಯಾಕ್ಸ್ ಅಲ್ಲೆಲ್ಲ ಹೊಕ್ಕು ಒಣಗಿ ಬಿಳಿ ಗೆರೆಯಾಗಿ ಕೂರುತ್ತದೆ. ಅದನ್ನು ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೆಯುತ್ತಾ ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ.

ಯಾವ ವ್ಯಾಕ್ಸ್ ಹಚ್ಚಿದರೂ ಮೊದಲು ಹೋಗುವುದು ಪೆಟ್ರೋಲ್ ಮುಚ್ಚಳದ ಸುತ್ತ. ಬಂಕಿನಲ್ಲಿ ನಾಜಲ್ ಎತ್ತುವಾಗ ನಾಲ್ಕು ಹನಿ ಚೆಲ್ಲುತ್ತದಲ್ಲ, ಅದರ ಫಲ. ಮೇಣ, ಪೆಟ್ರೋಲ್ ಎರಡೂ ಇಂಗಾಲದ ಸರಪಳಿಯವೇ, ಒಂದರಲ್ಲೊಂದು ಕರಗುತ್ತವೆ. ತಕ್ಷಣ ಒರೆಸಿ, ಅಲ್ಲಿಗೆ ಮಾತ್ರ ಮತ್ತೆ ಹಚ್ಚಿದರೆ ಸಾಕು. ವಾಟರ್ ಸರ್ವಿಸ್ ಮುಗಿದ ಮೇಲೆ ಕೆಲವು ಕಡೆ ಈಗಲೂ ಡೀಸೆಲ್ ಸಿಂಪಡಿಸಿ ‘ಫಳಫಳ’ ಮಾಡಿಕೊಡುತ್ತಾರೆ. ಅದೂ ವ್ಯಾಕ್ಸನ್ನು ಕರಗಿಸುತ್ತದೆ, ಮೇಲಾಗಿ ಸಂಜೆಯೊಳಗೆ ಊರಿನ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ‘ಡೀಸೆಲ್ ಬೇಡಣ್ಣ’ ಅಂತ ಮೊದಲೇ ಹೇಳಿಬಿಡಿ.

ಹೊಸ ಬೈಕ್ ಕೊಂಡಾಗ ನಾನೂ ಒಂದು ಕಡೆ ಟೆಫ್ಲಾನ್ ಕೋಟಿಂಗ್‌ಗೆ ದುಡ್ಡು ಕೊಟ್ಟವನೇ. ಎರಡು ತಿಂಗಳಲ್ಲಿ ಹೊಳಪು ಹೋಯಿತು. ಟೆಫ್ಲಾನ್ 1938ರಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನಿಗೆ ಆಕಸ್ಮಿಕವಾಗಿ ಸಿಕ್ಕ ವಸ್ತು. ಅದರ ಹೆಚ್ಚುಗಾರಿಕೆಯೇ ಯಾವುದಕ್ಕೂ ಅಂಟದಿರುವುದು. ದೋಸೆ ತವಕ್ಕೆ ಅದನ್ನು ಹಿಡಿಸಬೇಕಾದರೆ 300 ಡಿಗ್ರಿಗೂ ಮೇಲೆ ಕಾಯಿಸಬೇಕು. ಬೈಕಿನ ಟ್ಯಾಂಕನ್ನು ಹಾಗೆ ಕಾಯಿಸಿದರೆ ಬಣ್ಣವೇ ಉಳಿಯದು. ಸುಮ್ನೆ ಬಟ್ಟೆಯಲ್ಲಿ ತಿಕ್ಕಿ ಹಚ್ಚುವ ‘ಟೆಫ್ಲಾನ್’ ಹೊಳಪು ಕೊಟ್ಟರೆ, ಆ ಹೊಳಪು ಜೊತೆಗಿರುವ ಮೇಣದ್ದೋ ಸಿಲಿಕೋನಿನದ್ದೋ ಆಗಿರುತ್ತದೆ.

ಸೆರಾಮಿಕ್ ಕೋಟಿಂಗ್ ಬೇರೆ ಮಾತು. ಅದು ನಿಜಕ್ಕೂ ಬಣ್ಣದ ಮೇಲೆ ಗಾಜಿನಂಥ ಪದರವಾಗಿ ಗಟ್ಟಿಯಾಗುತ್ತದೆ, ವರ್ಷಗಟ್ಟಲೆ ಬಾಳಬಹುದು. ಆದರೆ ಡಬ್ಬಿಯ ಮೇಲಿನ ‘9ಎಚ್’ ನೋಡಿ ವಜ್ರದ ಗಡಸುತನ ಅಂದುಕೊಳ್ಳಬೇಡಿ. ಅದು ಪೆನ್ಸಿಲ್ ಲೆಕ್ಕ. 9ಎಚ್ ಪೆನ್ಸಿಲಿನಿಂದ ಗೀಚಿದರೆ ಗೀರು ಬೀಳಲಿಲ್ಲ ಅಂತ, ಅಷ್ಟೇ. ರಸ್ತೆಯ ಮರಳು ಪೆನ್ಸಿಲಿನ ಸೀಸಕ್ಕಿಂತ ಎಷ್ಟೋ ಗಟ್ಟಿ.

ಮ್ಯಾಟ್ ಬಣ್ಣದ ಬೈಕಿನವರು ಈ ಯಾವುದನ್ನೂ ಹಚ್ಚಬೇಡಿ. ಮ್ಯಾಟ್ ಮೇಲ್ಮೈ ಸೂಕ್ಷ್ಮವಾಗಿ ಒರಟಾಗಿರುತ್ತದೆ, ಬೆಳಕನ್ನು ಚದುರಿಸುವುದರಿಂದ ಮಂದವಾಗಿ ಕಾಣುತ್ತದೆ. ವ್ಯಾಕ್ಸ್ ಆ ತಗ್ಗುಗಳನ್ನು ತುಂಬಿ ಅಲ್ಲಲ್ಲಿ ಹೊಳೆಯುವ ಕಲೆ ಮಾಡುತ್ತದೆ. ಮ್ಯಾಟ್‌ಗೆಂದೇ ಇರುವುದನ್ನು ಕೇಳಿ ತನ್ನಿ. ಇನ್ನು ಸೀಟು, ಟಯರು, ಬ್ರೇಕ್ ಡಿಸ್ಕ್ ಹತ್ತಿರವಂತೂ ವ್ಯಾಕ್ಸ್ ಸುಳಿಯಲೇಬಾರದು. ಡಿಸ್ಕ್ ಪಕ್ಕ ಸ್ಪ್ರೇ ಹೊಡೆಯುವ ಬದಲು ಬಟ್ಟೆಗೆ ಹೊಡೆದುಕೊಂಡು ಒರೆಸಿ.

ಡಬ್ಬಿಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ನಾವು ಸೀಟಿನ ಕೆಳಗೆ ತುರುಕಿದ ಬಟ್ಟೆಯ ಬಗ್ಗೆ ಯೋಚಿಸುವುದೇ ಇಲ್ಲ. ದಿನಾ ಬೆಳಗ್ಗೆ ಅದರಿಂದ ಒಣಧೂಳು ಒರೆಸುತ್ತೇವೆ. ಆ ಧೂಳಿನಲ್ಲಿ ಸ್ಫಟಿಕದ ಕಣಗಳಿರುತ್ತವೆ. ಖನಿಜಗಳ ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10, ಸ್ಫಟಿಕಕ್ಕೆ 7. ಗಾಜನ್ನೇ ಗೀರುವ ಕಣ ಅದು, ಕ್ಲಿಯರ್ ಕೋಟ್ ಯಾವ ಲೆಕ್ಕ? ರಾತ್ರಿ ಬೀದಿದೀಪದ ಕೆಳಗೆ ಟ್ಯಾಂಕ್ ನೋಡಿ. ಬೆಳಕಿನ ಸುತ್ತ ಜೇಡರಬಲೆಯಂತೆ ಸಣ್ಣ ಗೀರುಗಳು ಕಾಣುತ್ತವೆ. ಬಹುಪಾಲು ಆ ಬಟ್ಟೆಯ ಕೆಲಸ. ಮೊದಲು ನೀರು ಸುರಿದು ಧೂಳು ಇಳಿಸಿ, ಶಾಂಪೂವಿನಲ್ಲಿ ತೊಳೆದು, ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಆಮೇಲೆ ವ್ಯಾಕ್ಸ್, ಅದೂ ನೆರಳಲ್ಲಿ, ತಗಡು ತಣ್ಣಗಿರುವಾಗ.

ಎಷ್ಟು ಹಚ್ಚಬೇಕು? ಒಂದು ಲೆಕ್ಕ ಹಾಕೋಣ. ಬೈಕಿನ ಬಣ್ಣದ ಭಾಗವೆಲ್ಲ ಸೇರಿ ಒಂದು ಚದರ ಮೀಟರ್ ಅಂದುಕೊಳ್ಳಿ. ಒಂದು ಮೈಕ್ರಾನ್ ದಪ್ಪಕ್ಕೆ ಬೇಕಾಗುವುದು ಒಂದು ಮಿಲಿಲೀಟರ್ ಮೇಣ, ಮಗುವಿಗೆ ಔಷಧಿ ಹಾಕುವ ಡ್ರಾಪರಿನಷ್ಟು. ಆರಿ ಹೋಗುವ ದ್ರಾವಕ, ಬಟ್ಟೆಗೆ ಹೋಗುವ ಪಾಲು ಎಲ್ಲ ಸೇರಿಸಿದರೂ ಒಂದು ಚಮಚ. ದಪ್ಪಗೆ ಮೆತ್ತಿದ್ದು ಒರೆಸುವ ಬಟ್ಟೆಗೆ ಹೋಗುತ್ತದೆ, ಟ್ಯಾಂಕಿಗಲ್ಲ. ಒಂದು ಡಬ್ಬಿ ವರ್ಷಗಟ್ಟಲೆ ಬರಬೇಕು. ನನ್ನ ಮೊದಲ ಡಬ್ಬಿ ಮೂರೇ ತಿಂಗಳಲ್ಲಿ ಖಾಲಿಯಾಗಿತ್ತು.

ಅಷ್ಟೆಲ್ಲ ಮಾಡಿ, ಮಿರಮಿರ ಹೊಳೆಯುವ ಟ್ಯಾಂಕನ್ನು ಪೂಜೆಗೆ ನಿಲ್ಲಿಸುತ್ತೇನೆ. ಅಮ್ಮ ಬಂದು ಅದರ ನಟ್ಟನಡುವೆ ಅರಿಶಿನ ಕುಂಕುಮ ಹಚ್ಚುತ್ತಾರೆ, ಮಡ್‌ಗಾರ್ಡಿನ ಬಿಳಿ ಪಟ್ಟಿಗೂ ಒಂದು ಬೊಟ್ಟು. ‘ಕಲೆ ಆಗತ್ತಮ್ಮಾ’ ಅಂದರೆ ‘ದೇವರಿಗಿಂತ ಹೆಚ್ಚಾ ನಿನ್ನ ವ್ಯಾಕ್ಸು?’ ಅನ್ನುತ್ತಾರೆ. ಕುಂಕುಮ ವ್ಯಾಕ್ಸಿನ ಜೊತೆ ಒರೆಸಿಕೊಂಡು ಬರುತ್ತದೆ. ಬಿಳಿ ಪಟ್ಟಿಯ ಮೇಲೆ ಅರಿಶಿನದ ಹಳದಿ ಮಾತ್ರ ಸ್ವಲ್ಪ ಉಳಿಯುತ್ತದೆ. ಅದನ್ನು ನಾನು ತಿಕ್ಕಲು ಹೋಗುವುದಿಲ್ಲ. ಅರಿಶಿನದ ಬಣ್ಣಕ್ಕೆ ಬಿಸಿಲು ಆಗದು. ಕೆಲವು ದಿನ ಆಫೀಸಿನ ಹೊರಗೆ ಬಿಸಿಲಲ್ಲೇ ನಿಲ್ಲಿಸುತ್ತೇನೆ, ತಾನೇ ಮಾಸಿ ಹೋಗುತ್ತದೆ.